‘ಮನೇಲಿ ಚೆನ್ನಾಗೇ ಇರ್ತಾನಲ್ಲ ಮಿಸ್’ ಎನ್ನುವ ಅಮ್ಮನಿಗೆ ಏನು ಹೇಳಲಿ?

ಪ್ರಶ್ನೆ: ಡಾಕ್ಟರೇ, ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ನರ್ಸರಿಯಲ್ಲಿ 11 ವರ್ಷದಿಂದ ಶಿಕ್ಷಕಿ. ಈ ಜೂನ್‌ನಲ್ಲಿ ಸೇರಿದ ಒಬ್ಬ ಹುಡುಗನಿಗೆ ಈಗ 3 ವರ್ಷ 8 ತಿಂಗಳು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಬೇರೆ ಮಕ್ಕಳು ಅಡುಗೆ ಆಟ ಆಡುತ್ತಿದ್ದರೆ ಇವನು ಎಲ್ಲರ ನೀರಿನ ಬಾಟಲಿಯ ಮುಚ್ಚಳ ತೆಗೆದು ಸಾಲಾಗಿ ಜೋಡಿಸುತ್ತಾನೆ. ಯಾರಾದರೂ ಒಂದು ಮುಚ್ಚಳ ಎತ್ತಿಕೊಂಡರೆ ಕಚ್ಚಿಬಿಡುತ್ತಾನೆ. ಮಾತು ಎಂದರೆ ನಾನು ಹೇಳಿದ್ದನ್ನೇ ತಿರುಗಿ ಹೇಳುವುದು, ಇಲ್ಲವೇ ಜಾಹೀರಾತಿನ ಹಾಡು. ಏನಾದರೂ ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಅಲ್ಲಿಗೆ ಎಳೆದುಕೊಂಡು ಹೋಗುತ್ತಾನೆ. ಇದುವರೆಗೆ ಮೂರು ಮಕ್ಕಳಿಗೆ ಕಚ್ಚಿದ್ದಾನೆ. ಅದರಲ್ಲಿ ಒಂದು ಮಗುವಿನ ತಂದೆ ಬಂದು ‘ಅವನನ್ನು ಶಾಲೆಯಿಂದ ತೆಗೀರಿ’ ಎಂದು ಜಗಳವಾಡಿದರು. ಅಂದು ಸಂಜೆ ಗೇಟಿನ ಹತ್ತಿರ ಹುಡುಗನ ತಾಯಿಗೆ ‘ಇವನು ಬೇರೆ ಮಕ್ಕಳ ಥರ ಇಲ್ಲ, ಒಮ್ಮೆ ಡಾಕ್ಟರಿಗೆ ತೋರಿಸಿ’ ಎಂದೆ. ‘ಮನೇಲಿ ಚೆನ್ನಾಗೇ ಇರ್ತಾನಲ್ಲ ಮಿಸ್, ಅವರಪ್ಪನೂ ಮಾತಾಡಿದ್ದು ಐದು ವರ್ಷಕ್ಕೇ’ ಎಂದರು. ಮರುದಿನ ಅಜ್ಜಿ ಬಂದು ‘ನಮ್ಮ ಮಗೂನ ಹುಚ್ಚ ಅಂತೀಯೇನಮ್ಮಾ’ ಎಂದು ಅತ್ತರು. ‘ಇಂಥದ್ದೆಲ್ಲ ನಿಮಗ್ಯಾಕೆ, ಅಡ್ಮಿಷನ್ ಹೋಗುತ್ತೆ’ ಎಂದು ನಮ್ಮ ಮುಖ್ಯಸ್ಥರು ಗದರಿದರು. ಮೊಬೈಲ್‌ನಲ್ಲಿ ಹುಡುಕಿ ಓದಿದೆ, ಆಟಿಸಂ (ಬೇರೆಯವರೊಡನೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇರಬಹುದು ಅನ್ನಿಸುತ್ತದೆ. ಸುಮ್ಮನಿದ್ದುಬಿಡಲೇ? ಹೇಳುವುದಾದರೆ ಹೇಗೆ ಹೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹುಡುಗನಿಗೆ ಏನಾಗಿದೆ ಎನ್ನುವುದು ಒಂದು, ಅದನ್ನು ಹೆತ್ತವರ ಮುಂದೆ ಹೇಗೆ ಇಡುವುದು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡುವ ಹೊಣೆ ನಿಮ್ಮ ಮೇಲಿಲ್ಲ. ಮಗುವನ್ನು ನೋಡದೆ ನಾನೂ ಹೇಳಲಾರೆ. ಎರಡನೆಯದು ಮಾತ್ರ ನಿಮ್ಮಿಂದಲೇ ಆಗಬೇಕು. ಸುಮ್ಮನಿರಬೇಡಿ. ಆದರೆ ಗೇಟಿನ ಹತ್ತಿರ ಹೇಳಿದ ಹಾಗೆ ಇನ್ನೊಮ್ಮೆ ಹೇಳಬೇಡಿ.

ಮೊದಲು ಆ ತಾಯಿಯ ಮಾತನ್ನೇ ತೆಗೆದುಕೊಳ್ಳೋಣ. ‘ಮನೇಲಿ ಚೆನ್ನಾಗೇ ಇರ್ತಾನೆ’ ಎಂದಾಗ ಅವರು ಸುಳ್ಳು ಹೇಳುತ್ತಿಲ್ಲ, ಮುಚ್ಚಿಡುತ್ತಲೂ ಇಲ್ಲ. ಒಂದು ಮಗುವಿನ ಸುತ್ತ ಮೂರು ನಾಲ್ಕು ಮಂದಿ ದೊಡ್ಡವರಿರುವ ಮನೆಯಲ್ಲಿ ಮಗು ಬಾಯಿಬಿಟ್ಟು ಕೇಳುವ ಪ್ರಸಂಗವೇ ಬರುವುದಿಲ್ಲ. ಫ್ರಿಜ್ ಕಡೆ ನಡೆದರೆ ಅಜ್ಜಿ ಹಾಲು ಕೊಡುತ್ತಾರೆ, ಮುಖ ಸಪ್ಪಗಾದರೆ ತಾತ ಎತ್ತಿಕೊಳ್ಳುತ್ತಾರೆ. ಅವನ ಮುಚ್ಚಳ ಕಸಿಯುವವರು ಮನೆಯಲ್ಲಿ ಯಾರೂ ಇಲ್ಲ. ಹಾಗಿರುವಾಗ ಅವನು ಯಾರನ್ನು ಯಾಕೆ ಕಚ್ಚಬೇಕು? ಶಾಲೆಯಲ್ಲಿ ಒಬ್ಬ ಮಿಸ್‌ಗೆ ಇಪ್ಪತ್ತೈದು ಮಕ್ಕಳು. ಸರದಿಗೆ ಕಾಯಬೇಕು, ಹಂಚಿಕೊಳ್ಳಬೇಕು, ಗಂಟೆ ಹೊಡೆದರೆ ಆಟ ಬಿಟ್ಟು ಏಳಬೇಕು. ಮಾತು, ಗಮನ, ಹೊಂದಾಣಿಕೆ ಮೂರೂ ಒಟ್ಟಿಗೆ ಪರೀಕ್ಷೆಗೆ ಬೀಳುವುದು ಅಲ್ಲೇ. ಅದೂ ಅಲ್ಲದೆ ಮೊದಲ ಮಗುವಿನ ತಾಯಿಗೆ ಹೋಲಿಸಿ ನೋಡಲು ಇನ್ನೊಂದು ಮಗು ಇಲ್ಲ. ನೀವು 11 ವರ್ಷದಲ್ಲಿ ಇದೇ ವಯಸ್ಸಿನ ನೂರಾರು ಮಕ್ಕಳನ್ನು ಕಂಡಿದ್ದೀರಿ. ಮನೆಯ ಹುಡುಗನೂ ನಿಜ, ಶಾಲೆಯ ಹುಡುಗನೂ ನಿಜ. ಮಾತುಕತೆ ಶುರುವಾಗಬೇಕಾದದ್ದು ಈ ತಿಳಿವಳಿಕೆಯಿಂದ.

ನನ್ನ ಕೋಣೆಗೆ ಬಂದ ಮಗುವನ್ನು ನಾನು ನೋಡುವುದು ಮುಕ್ಕಾಲು ಗಂಟೆ. ಅದರಲ್ಲಿ ಅರ್ಧ ಹೊತ್ತು ಮಗು ಅಳುತ್ತಿರುತ್ತದೆ. ನೀವು ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದಾರು ದಿನ ನೋಡುತ್ತೀರಿ. ಬೆಳವಣಿಗೆಯ ತೊಂದರೆ ಇದ್ದ ಎಷ್ಟೋ ಮಕ್ಕಳನ್ನು ಮೊದಲು ಗುರುತಿಸಿದವರು ನರ್ಸರಿಯ ಮಿಸ್ ಅಥವಾ ಅಂಗನವಾಡಿ ಟೀಚರ್ ಎಂಬುದನ್ನು ನಾನು ಕಂಡು ಬಲ್ಲೆ. ‘ನಿಮಗ್ಯಾಕೆ’ ಎಂದವರ ಮಾತಿಗೆ ನಿಮ್ಮ ಕಣ್ಣಿನ ಮೇಲೆ ನೀವೇ ನಂಬಿಕೆ ಕಳೆದುಕೊಳ್ಳಬೇಡಿ.

ಇನ್ನು ಈ ವಿಷಯದ ಸುತ್ತ ನಮ್ಮಲ್ಲಿ ಓಡಾಡುವ ಮಾತುಗಳು. ‘ಅವರಪ್ಪನೂ ತಡವಾಗಿ ಮಾತಾಡಿದ್ದು’ ಎನ್ನುವುದರಲ್ಲಿ ಅರೆಪಾಲು ಸತ್ಯವಿದೆ. ಮಾತು ತಡವಾಗುವುದು ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ. ಹಾಗೆ ಹರಿದು ಬಂದಿದೆ ಎಂದರೆ ಅದು ಪರೀಕ್ಷೆ ಮಾಡಿಸಲು ಇನ್ನೊಂದು ಕಾರಣವಾಯಿತೇ ಹೊರತು ಬಿಟ್ಟುಬಿಡಲು ಅಲ್ಲ. ಅಪ್ಪ ತಡವಾಗಿ ಮಾತಾಡಿದರೂ ಅದಕ್ಕೂ ಮುಂಚೆ ಬೆರಳು ಮಾಡಿ ತೋರಿಸುತ್ತಿದ್ದರೇ, ಕರೆದರೆ ಓಡಿ ಬರುತ್ತಿದ್ದರೇ, ಪಕ್ಕದ ಮನೆಯ ಮಕ್ಕಳ ಜೊತೆ ಆಡುತ್ತಿದ್ದರೇ ಎಂದು ಅಜ್ಜಿಯನ್ನೇ ಕೇಳಬೇಕು. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮಗು ‘ಅಲ್ನೋಡು’ ಎಂಬಂತೆ ತೋರುಬೆರಳಿನಿಂದ ತೋರಿಸುತ್ತದೆ. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಡ’ ಎಂದು ಎರಡು ಪದ ಕೂಡಿಸುತ್ತದೆ. ಮೂರಕ್ಕೆ ಚಿಕ್ಕ ಚಿಕ್ಕ ವಾಕ್ಯ ಬರುತ್ತದೆ. ಗಂಡುಮಕ್ಕಳು ಒಂದೆರಡು ತಿಂಗಳು ಹಿಂದೆ ಇರಬಹುದು, ಎರಡು ವರ್ಷ ಹಿಂದೆ ಇರುವುದಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮಾತು ನಿಲ್ಲುವುದೂ ಇಲ್ಲ. ನಮ್ಮ ನಾಡಿನ ಅರ್ಧ ಮಕ್ಕಳು ಹಾಗೆಯೇ ಬೆಳೆಯುತ್ತಾರೆ.

ಬಜೆ ತೇಯ್ದು ನಾಲಗೆಗೆ ಹಚ್ಚುವುದು, ನಾಲಗೆಯ ಅಡಿಯ ಪೊರೆ ಕತ್ತರಿಸಿದರೆ ಮಾತು ಬರುತ್ತದೆ ಎಂದು ಊರೂರು ತಿರುಗುವುದು, ಇವೆಲ್ಲವನ್ನೂ ನೋಡಿದ್ದೇನೆ. ಅಂಟು ನಾಲಗೆಯಿಂದ ಕೆಲವು ಅಕ್ಷರಗಳ ಉಚ್ಚಾರ ತೊಡಕಾಗಬಹುದು. ಆದರೆ ಕರೆದರೆ ತಿರುಗದೆ ಇರುವುದಕ್ಕೂ ನಾಲಗೆಗೂ ಸಂಬಂಧವಿಲ್ಲ. ಮನೆದೇವರಿಗೆ ಹರಕೆ ಹೊತ್ತಿದ್ದರೆ ತೀರಿಸಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಅದು ಮುಗಿಯಲಿ ಎಂದು ಪರೀಕ್ಷೆಯನ್ನು ಮುಂದೂಡಬಾರದು, ಅಷ್ಟೇ. ಮೊಬೈಲ್ ವಿಷಯದಲ್ಲಿ ತಾಯಂದಿರಿಗೆ ಬಹಳ ಅನ್ಯಾಯವಾಗುತ್ತಿದೆ. ಮೊಬೈಲ್ ಕೊಟ್ಟದ್ದರಿಂದಲೇ ಆಟಿಸಂ ಬಂತು ಎಂದು ಅತ್ತೆ ಸೊಸೆಯನ್ನು ದೂರುತ್ತಾರೆ. ಅದು ಸತ್ಯವಲ್ಲ. ಗಂಟೆಗಟ್ಟಲೆ ಪರದೆ ನೋಡುವ ಮಗುವಿಗೆ ಮಾತಾಡುವ, ಆಡುವ ಹೊತ್ತು ಕಡಿಮೆಯಾಗುತ್ತದೆ ಎನ್ನುವುದು ಸತ್ಯ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಮಿತಿಯನ್ನು ತಿಳಿಸಿ, ತಪ್ಪು ಹೊರಿಸಬೇಡಿ.

ನೀವೂ ಒಂದು ಕಡೆ ಎಡವಿದ್ದೀರಿ. ಮುಚ್ಚಳ ಸಾಲಾಗಿ ಜೋಡಿಸಿದ ಕೂಡಲೇ ಆಟಿಸಂ ಆಗುವುದಿಲ್ಲ. ಸಾಲು ಮಾಡುವುದು ಎಷ್ಟೋ ಮಕ್ಕಳಿಗೆ ಇಷ್ಟದ ಆಟ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಮುಚ್ಚಳಕ್ಕಿಂತ ಆ ಮಣಿಕಟ್ಟು. ಬೇಕಾದದ್ದನ್ನು ಬೆರಳು ಮಾಡಿ ತೋರಿಸದೆ, ಮುಖ ನೋಡದೆ, ನಿಮ್ಮ ಕೈಯನ್ನೇ ಒಂದು ಸಲಕರಣೆಯ ಹಾಗೆ ಒಯ್ಯುವುದು, ಹೆಸರಿಗೆ ತಿರುಗದಿರುವುದು, ಕೇಳಿದ್ದನ್ನೇ ತಿರುಗಿ ಹೇಳುವುದು. ಈ ಮೂರೂ ಒಟ್ಟಿಗೆ ಇರುವ 3 ವರ್ಷ 8 ತಿಂಗಳ ಮಗುವನ್ನು ನಾನಾದರೆ ‘ಇನ್ನಾರು ತಿಂಗಳು ನೋಡೋಣ’ ಎಂದು ಕಳಿಸುವುದಿಲ್ಲ. ಆಟಿಸಂ ಇರಬಹುದು. ಬರೀ ಭಾಷೆಯ ಹಿನ್ನಡೆ ಇರಬಹುದು. ಕಿವಿ ಇರಬಹುದು. ಒಂದಕ್ಕಿಂತ ಹೆಚ್ಚು ಇರಬಹುದು.

ಕಿವಿಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮರೆಯುವುದು ಅದನ್ನೇ. ಕೆಲವು ವರ್ಷಗಳ ಹಿಂದೆ ನಾಲ್ಕು ವರ್ಷದ ಒಂದು ಹುಡುಗಿಯನ್ನು ಕರೆತಂದರು. ‘ಮಂಕು, ಹೇಳಿದ ಮಾತು ಕೇಳಲ್ಲ’ ಎಂಬ ದೂರು. ‘ಕಿವಿ ಚೆನ್ನಾಗಿದೆ ಡಾಕ್ಟ್ರೇ, ಒಳಮನೇಲಿ ಬಿಸ್ಕತ್ ಪ್ಯಾಕೆಟ್ ಬಿಚ್ಚಿದರೆ ಓಡಿ ಬರ್ತಾಳೆ’ ಎಂದರು ತಂದೆ. ಹುಡುಗಿ ಬಾಯಿ ತೆರೆದೇ ಉಸಿರಾಡುತ್ತಿದ್ದಳು. ಕೇಳಿದಾಗ, ರಾತ್ರಿ ಗೊರಕೆ, ಚಳಿಗಾಲ ಪೂರ್ತಿ ನೆಗಡಿ ಎಂದರು ತಾಯಿ. ಪರೀಕ್ಷೆ ಮಾಡಿಸಿದರೆ ಎರಡೂ ಕಿವಿಯ ತಮಟೆಯ ಹಿಂದೆ ದ್ರವ ತುಂಬಿತ್ತು. ಅಂಥ ಮಗುವಿಗೆ ಶಬ್ದ ಕೇಳುತ್ತದೆ, ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ತಲೆ ನೀರಿನಲ್ಲಿ ಮುಳುಗಿಸಿಕೊಂಡು ಕೇಳಿಸಿಕೊಂಡ ಹಾಗೆ. ಇಪ್ಪತ್ತೈದು ಮಕ್ಕಳ ಗಲಾಟೆಯ ನಡುವೆ ಮಿಸ್ ಕರೆದದ್ದು ಅವಳಿಗೆ ತಲುಪುತ್ತಲೇ ಇರಲಿಲ್ಲ. ಚಿಕಿತ್ಸೆಯಾದ ಮೇಲೆ ‘ಮಂಕು’ ಎನ್ನಿಸಿಕೊಂಡವಳ ವಾಚಾಳಿತನಕ್ಕೆ ಮನೆಯವರೇ ಬೆರಗಾದರು. ಬಿಸ್ಕತ್ ಪ್ಯಾಕೆಟ್ ಶ್ರವಣ ಪರೀಕ್ಷೆಯಲ್ಲ. ಮಾತಿನಲ್ಲಿ ಹಿಂದಿರುವ ಪ್ರತಿಯೊಂದು ಮಗುವಿಗೂ ಮೊದಲು ಕಿವಿಯ ಪರೀಕ್ಷೆ ಆಗಲೇಬೇಕು.

ಇನ್ನೂ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ರಾತ್ರಿ ನಿದ್ದೆ ಕೆಟ್ಟ ಮಗು ಹಗಲು ಮಂಕಾಗುವ ಬದಲು ಕುಣಿದಾಡುತ್ತದೆ. ರಕ್ತಹೀನತೆ ಇದ್ದರೆ ಕಿರಿಕಿರಿ, ಗಮನವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ಅದಿದೆ. ಚೆನ್ನಾಗಿದ್ದ ಮಗು ದಿಢೀರನೆ ಬದಲಾದರೆ ಯೋಚನೆಯ ದಾರಿಯೇ ಬೇರೆ. ಮನೆಯಲ್ಲಿ ಜಗಳ, ಹೊಸ ಮಗು, ಯಾರಾದರೂ ಹೊಡೆಯುತ್ತಿರುವುದು, ಹಿಂಸಿಸುತ್ತಿರುವುದು ಇವನ್ನೆಲ್ಲ ನೋಡಬೇಕಾಗುತ್ತದೆ. ನಿಮ್ಮ ಹುಡುಗ ಸೇರಿದಾಗಿನಿಂದ ಹೀಗೇ ಇದ್ದಾನೆ ಎನ್ನುತ್ತೀರಿ. ಇನ್ನು ಈ ವಯಸ್ಸಿನ ಚಟುವಟಿಕೆಯ ಮಗುವಿಗೆ ಯಾರಾದರೂ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂದು ಹೆಸರಿಟ್ಟರೆ ಒಪ್ಪಬೇಡಿ. ನಾಲ್ಕು ವರ್ಷಕ್ಕಿಂತ ಮುಂಚೆ ಆ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಕಚ್ಚುವುದು ಸಿಟ್ಟಿನ ಗುಣ, ಕೆಟ್ಟ ಸಂಸ್ಕಾರ ಎಂದು ಬೇರೆ ಮಕ್ಕಳ ಹೆತ್ತವರು ತಿಳಿದಿದ್ದಾರೆ. ಒಂದೂವರೆ ಎರಡು ವರ್ಷದಲ್ಲಿ ಬಹಳಷ್ಟು ಮಕ್ಕಳು ಕಚ್ಚುತ್ತಾರೆ. ‘ಕೊಡು, ಅದು ನಂದು’ ಎನ್ನುವ ಮಾತು ಬಂದ ಹಾಗೆ ಅದು ತಾನಾಗಿ ಬಿಡುತ್ತದೆ. ನಿಮ್ಮ ಹುಡುಗನಿಗೆ ಆ ಮಾತು ಬಂದಿಲ್ಲ, ಹಲ್ಲು ಇದೆ. ತಿರುಗಿ ಕಚ್ಚಿ ತೋರಿಸುವುದು, ತುಟಿಗೆ ಹೊಡೆಯುವುದು, ಕತ್ತಲೆ ಕೋಣೆಯಲ್ಲಿ ಕೂರಿಸುವುದು ಯಾವುದೂ ಅವನಿಗೆ ಮಾತು ಕಲಿಸುವುದಿಲ್ಲ.

ಈಗ ಹೇಳುವ ಬಗೆ. ಅಂದು ಗೇಟಿನಲ್ಲಿ ಮೂರು ತಪ್ಪಾಯಿತು ಎಂದು ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಕಚ್ಚಿದ ದಿನವೇ ಹೇಳಿದಿರಿ. ತಾಯಿಗೆ ಅದು ಶಿಕ್ಷೆಯ ಹಾಗೆ ಕೇಳಿಸಿತು. ಬೇರೆ ತಾಯಂದಿರು ನಿಂತಿದ್ದ ಕಡೆ ಹೇಳಿದಿರಿ. ಅವರಿಗೆ ಮಾನ ಹೋದ ಹಾಗಾಯಿತು. ‘ಬೇರೆ ಮಕ್ಕಳ ಥರ ಇಲ್ಲ’ ಎಂದಿರಿ. ಅದು ನಿಮ್ಮ ತೀರ್ಪು, ನೀವು ಕಂಡದ್ದಲ್ಲ. ತೀರ್ಪಿನ ಜೊತೆ ಜಗಳವಾಡಬಹುದು, ಕಂಡದ್ದರ ಜೊತೆ ಜಗಳವಾಡುವುದು ಕಷ್ಟ.

ಎರಡು ವಾರ ಒಂದು ನೂರು ಪುಟದ ನೋಟ್‌ಬುಕ್ ಇಡಿ. ದಿನಕ್ಕೆ ಮೂರು ನಾಲ್ಕು ಸಾಲು ಸಾಕು. ‘ಸೋಮವಾರ 10.20. ಬೆನ್ನ ಹಿಂದಿನಿಂದ ಐದು ಸಲ ಹೆಸರು ಕರೆದೆ, ತಿರುಗಲಿಲ್ಲ. ಭುಜ ಮುಟ್ಟಿದಾಗ ತಿರುಗಿದ.’ ‘ಮಂಗಳವಾರ 11.05. ಬಾಟಲಿ ಬೇಕಿತ್ತು. ನನ್ನ ಕೈ ಹಿಡಿದು ಕಪಾಟಿನ ಹತ್ತಿರ ಒಯ್ದ, ಮುಖ ನೋಡಲಿಲ್ಲ.’ ‘ಬುಧವಾರ. ಹಾಡು ಹಾಕಿದಾಗ ಮೊದಲು ಎದ್ದು ಬಂದವನು ಇವನೇ. ಎರಡು ಸಾಲು ರಾಗದಲ್ಲಿ ಹೇಳಿದ.’ ‘ಗುರುವಾರ 12.10. ಒಬ್ಬ ಹುಡುಗಿ ಕೆಂಪು ಮುಚ್ಚಳ ಎತ್ತಿಕೊಂಡಳು, ಕಿರುಚಿದ, ಕಚ್ಚಿದ.’ ಕಚ್ಚುವುದಕ್ಕೆ ಮುಂಚಿನ ಒಂದು ನಿಮಿಷ ಏನಾಯಿತು ಎಂಬುದನ್ನು ತಪ್ಪದೆ ಬರೆಯಿರಿ. ಒಳ್ಳೆಯದನ್ನೂ ಬರೆಯಿರಿ, ಅದೂ ನನಗೆ ಬೇಕಾದ ಮಾಹಿತಿಯೇ. ‘ಹಟಮಾರಿ’, ‘ತನ್ನದೇ ಲೋಕ’ ಎಂಬ ಪದಗಳು ಅದರಲ್ಲಿ ಬೇಡ.

ಆಮೇಲೆ ತಂದೆ ತಾಯಿ ಇಬ್ಬರನ್ನೂ ಕರೆಯಿರಿ. ತಾಯಿಗೊಬ್ಬರಿಗೇ ಹೇಳಿದರೆ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋಗಿ ಎಲ್ಲರಿಗೂ ಒಪ್ಪಿಸುವ ಭಾರ ಅವರ ತಲೆಯ ಮೇಲೆ ಬೀಳುತ್ತದೆ. ಅಜ್ಜಿಯೂ ಬರುತ್ತೇನೆ ಎಂದರೆ ಬರಲಿ, ಆ ಮನೆಯಲ್ಲಿ ಅವರ ಮಾತೇ ನಡೆಯುವ ಹಾಗೆ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಬೇಡ. ಮಕ್ಕಳು ಹೋದ ಮೇಲೆ, ಬಾಗಿಲು ಹಾಕಿಕೊಂಡು, ಸಮ ಎತ್ತರದ ಕುರ್ಚಿಗಳಲ್ಲಿ ಕೂತು ಮಾತಾಡಿ. ನರ್ಸರಿಯ ಪುಟ್ಟ ಕುರ್ಚಿಯಲ್ಲಿ ಮುದುಡಿ ಕೂತ ತಂದೆಗೆ ಏನೂ ತಲೆಗೆ ಹೋಗುವುದಿಲ್ಲ.

ಮೊದಲು ಕೇಳಿ, ಆಮೇಲೆ ಹೇಳಿ. ‘ಅಂದು ಗೇಟಿನ ಹತ್ತಿರ ಹಾಗೆ ಹೇಳಿದ್ದು ನನ್ನ ತಪ್ಪು, ಬೇಜಾರು ಮಾಡ್ಕೋಬೇಡಿ. ಮನೇಲಿ ಅವನಿಗೆ ಏನಿಷ್ಟ? ನೀರು ಬೇಕಾದರೆ ಹೇಗೆ ಕೇಳ್ತಾನೆ? ಆಚೆ ರೂಮಿನಿಂದ ಕರೆದರೆ ಬರ್ತಾನಾ?’ ಇವುಗಳಿಗೆ ಉತ್ತರ ಹೇಳುತ್ತಾ ಹೇಳುತ್ತಾ ತಾಯಿ ಅರ್ಧದಲ್ಲಿ ನಿಲ್ಲಿಸಿ ಗಂಡನ ಮುಖ ನೋಡಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರಿಗೂ ಒಳಗೊಳಗೆ ಅಳುಕು ಇದ್ದೇ ಇರುತ್ತದೆ. ಆಮೇಲೆ ನೋಟ್‌ಬುಕ್ ತೆರೆದು ನಾಲ್ಕು ಸಾಲು ಓದಿ. ‘ಇದು ಯಾಕೆ ಅಂತ ನನಗೆ ಗೊತ್ತಿಲ್ಲ, ನಾನು ಡಾಕ್ಟರಲ್ಲ. ಕರೆದರೆ ತಿರುಗ್ತಾ ಇಲ್ಲ, ಅದಕ್ಕೆ ಮೊದಲು ಕಿವಿ ಒಂದು ಟೆಸ್ಟ್ ಮಾಡಿಸೋಣ, ಹಾಗೇ ಮಕ್ಕಳ ಡಾಕ್ಟರಿಗೆ ಈ ಬುಕ್ ತೋರಿಸೋಣ. ಏನೇ ಬಂದರೂ ಅವನು ನನ್ನ ಕ್ಲಾಸಲ್ಲೇ ಇರ್ತಾನೆ.’ ಇಷ್ಟು ಸಾಕು. ಕೊನೆಯ ಆ ವಾಕ್ಯಕ್ಕೆ ಮುಖ್ಯಸ್ಥರ ಒಪ್ಪಿಗೆಯನ್ನು ಮೊದಲೇ ಪಡೆದುಕೊಂಡಿರಿ. ಹೆತ್ತವರ ಸಿಟ್ಟಿನ ಬೇರು ಇರುವುದು ‘ಶಾಲೆಯಿಂದ ಹಾಕುತ್ತಾರೆ’ ಎಂಬ ಭಯದಲ್ಲಿ. ಹೇಳಿ ಮುಗಿಸಿದ ಮೇಲೆ ಸುಮ್ಮನಿರಿ. ಅತ್ತರೆ ಅಳಲಿ. ಗಾಬರಿಯಾಗಿ ‘ಏನೂ ಆಗಲ್ಲ ಬಿಡಿ, ಸರಿಹೋಗ್ತಾನೆ’ ಎಂದು ನಿಮ್ಮ ಮಾತನ್ನು ನೀವೇ ಅಳಿಸಬೇಡಿ.

ಆಟಿಸಂ ಎಂಬ ಪದವನ್ನು ನಿಮ್ಮ ಬಾಯಿಂದ ಆಡಬೇಡಿ. ಗೊತ್ತಿದ್ದೂ ಮುಚ್ಚಿಡಿ ಎಂದು ಹೀಗೆ ಹೇಳುತ್ತಿಲ್ಲ. ಒಬ್ಬ ಹುಡುಗನ ಮನೆಯವರಿಗೆ ಮಿಸ್ ಒಬ್ಬರು ಆ ಪದ ಹೇಳಿಬಿಟ್ಟಿದ್ದರು. ಅವರ ಊಹೆ ಸರಿಯೇ ಇತ್ತು. ಮನೆಯವರು ಮರುವಾರ ಬೇರೆ ಶಾಲೆಗೆ ಸೇರಿಸಿದರು, ಅಲ್ಲಿ ಯಾರೂ ಏನೂ ಹೇಳಲಿಲ್ಲ. ಅವನು ನನ್ನ ಬಳಿಗೆ ಬಂದಾಗ ಆರು ವರ್ಷ ತುಂಬಿತ್ತು. ಮಾತಿನ ತರಬೇತಿ ಚೆನ್ನಾಗಿ ಹತ್ತುವ ಎರಡು ವರ್ಷಗಳು ಕೈಬಿಟ್ಟು ಹೋಗಿದ್ದವು. ಆ ತಾಯಿ ಇಂದಿಗೂ ಅದನ್ನು ನೆನೆದು ಅಳುತ್ತಾರೆ.

ಹೇಳಿದರೆ ಅವರು ಮಗುವನ್ನು ಬಿಡಿಸಿಕೊಂಡು ಹೋಗಬಹುದು. ಆ ಅಪಾಯ ಇದ್ದೇ ಇದೆ, ಇಲ್ಲ ಎನ್ನಲಾರೆ. ಹೇಳದಿದ್ದರೆ ಯುಕೆಜಿ ಮುಗಿದು ಒಂದನೇ ತರಗತಿಯಲ್ಲಿ ಬರೆಯದೆ ಓದದೆ ಏಟು ತಿನ್ನುವಾಗ ಗೊತ್ತಾಗುತ್ತದೆ. ಬರೀ ಕಚ್ಚುವ ವಿಷಯ ಹೇಳಿ ಉಳಿದದ್ದನ್ನು ನುಂಗಿಕೊಂಡರೆ ಮನೆಯಲ್ಲಿ ಹುಡುಗನಿಗೆ ಬೆತ್ತ ಬೀಳುತ್ತದೆ. ಮೂರನ್ನೂ ತೂಗಿದರೆ ಮೊದಲನೆಯದೇ ಕಡಿಮೆ ಅಪಾಯ ಎನ್ನುವುದು ನನ್ನ ಅನುಭವ. ಮುಖ್ಯಸ್ಥರಿಗೂ ಇದನ್ನು ತಿಳಿಸಿ. ನಿಮ್ಮದು ಸರ್ಕಾರದ ಮಾನ್ಯತೆ ಪಡೆದ ಶಾಲೆಯಾಗಿದ್ದರೆ, ವಿಕಲಚೇತನ ಮಗು ಎಂದು ಭೇದ ಮಾಡದೆ ಸೇರಿಸಿಕೊಂಡು ಕಲಿಸಬೇಕು ಎನ್ನುತ್ತದೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಜಗಳಕ್ಕೆ ಬಂದ ಆ ತಂದೆಗೆ ‘ನಿಮ್ಮ ಮಗುವಿಗೆ ಮತ್ತೆ ಕಚ್ಚದ ಹಾಗೆ ಇಂಥ ವ್ಯವಸ್ಥೆ ಮಾಡಿದ್ದೇವೆ’ ಎಂದಷ್ಟೇ ಹೇಳಿ. ಈ ಹುಡುಗನ ವಿಷಯ ಅವರ ಕಿವಿಗೆ ಹೋಗಬಾರದು.

ಎಲ್ಲಿಗೆ ಕಳಿಸಬೇಕು? ಮೊದಲು ಊರಿನ ಮಕ್ಕಳ ಡಾಕ್ಟರು. ಸರ್ಕಾರದ ದಾರಿಯೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ತಪಾಸಣಾ ತಂಡ ಬರುತ್ತದೆ. ಬೆಳವಣಿಗೆಯ ಹಿನ್ನಡೆ ಕಂಡ ಮಕ್ಕಳನ್ನು ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ (ಇಂಥ ತೊಂದರೆಗಳನ್ನು ಬೇಗ ಪರೀಕ್ಷಿಸಿ ಚಿಕಿತ್ಸೆ ಶುರುಮಾಡುವ ಕಡೆ) ಕಳಿಸುತ್ತಾರೆ. ಖಾಸಗಿ ನರ್ಸರಿಗೆ ಆ ತಂಡ ಬರದಿದ್ದರೂ ಹೆತ್ತವರೇ ಮಗುವನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ಯಬಹುದು. ಕಿವಿ ಮತ್ತು ಮಾತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ‘ಮೆಂಟಲ್ ಆಸ್ಪತ್ರೆ’ ಎಂದು ಅಜ್ಜಿ ಹೆದರಿದರೆ ಮೈಸೂರಿನಿಂದಲೇ ಶುರುಮಾಡಲಿ. ಪರೀಕ್ಷೆಯ ಫಲ ಏನೇ ಇರಲಿ, ಮಾತಿನ ತರಬೇತಿಗೆ ಸರ್ಟಿಫಿಕೇಟ್ ಬರಲಿ ಎಂದು ಕಾಯಬೇಕಾಗಿಲ್ಲ.

ಒಪ್ಪದೆ ಹೋದರೆ? ಮೊದಲ ಸಲಕ್ಕೇ ಒಪ್ಪುವವರು ಕಡಿಮೆ. ಹಟ ಹಿಡಿಯಬೇಡಿ. ‘ಆಯ್ತು, ಇನ್ನು ಆರು ವಾರ ನೀವು ಮನೇಲಿ ನೋಡಿ, ನಾನು ಇಲ್ಲಿ ನೋಡ್ತೀನಿ, ಆಮೇಲೆ ಮತ್ತೆ ಕೂತು ಮಾತಾಡೋಣ’ ಎಂದು ದಿನಾಂಕ ಗೊತ್ತುಮಾಡಿಕೊಂಡೇ ಏಳಿ. ಆ ಆರು ವಾರ ನೀವು ಕೈಕಟ್ಟಿ ಕೂರಬೇಕಿಲ್ಲ. ಕರೆಯುವಾಗ ಎದುರಿಗೆ ಹೋಗಿ, ಅವನ ಎತ್ತರಕ್ಕೆ ಕೂತು, ಭುಜ ಮುಟ್ಟಿ ಹೆಸರು ಹೇಳಿ. ಒಂದು ಸಲಕ್ಕೆ ಒಂದೇ ಸೂಚನೆ. ನೀರು, ಊಟ, ಶೌಚ, ಆಟ, ಮನೆ ಇವುಗಳ ಚಿತ್ರ ಬರೆದ ಐದು ರಟ್ಟಿನ ಚೀಟಿ ಮಾಡಿ ಅವನ ಕೈಗೆಟಕುವಂತೆ ತೂಗುಹಾಕಿ. ಮಣಿಕಟ್ಟು ಎಳೆದಾಗ ಅದೇ ಕೈಯಿಂದ ಚೀಟಿ ಮುಟ್ಟಿಸಿ, ‘ನೀರು’ ಎಂದು ಹೇಳಿ, ಕೂಡಲೇ ನೀರು ಕೊಡಿ. ಚಿತ್ರ ತೋರಿಸಿದರೆ ಮಾತು ಬರುವುದಿಲ್ಲ ಎಂಬ ಹೆದರಿಕೆ ಬೇಡ, ಅದು ಮಾತಿಗೆ ಅಡ್ಡಿಯಾಗುವುದಿಲ್ಲ. ಆಟ ನಿಲ್ಲಿಸುವ ಎರಡು ನಿಮಿಷ ಮುಂಚೆ ಯಾವಾಗಲೂ ಒಂದೇ ಹಾಡು ಹಾಡಿ. ಮುಚ್ಚಳಗಳನ್ನು ಕಸಿಯಬೇಡಿ. ಹಳೆಯ ಇಪ್ಪತ್ತು ಮುಚ್ಚಳ ಕೂಡಿಹಾಕಿ ಅವನದೇ ಒಂದು ಡಬ್ಬಿ ಮಾಡಿ, ಆಯಾಗೂ ಹೇಳಿಡಿ. ಬೇರೆ ಮಕ್ಕಳ ಬಾಟಲಿ ಅವನಿಗೆ ಎಟುಕದ ಕಡೆ ಇರಲಿ. ಕಚ್ಚುವ ಅರ್ಧ ಪ್ರಸಂಗಗಳು ಅಲ್ಲಿಗೇ ನಿಲ್ಲುತ್ತವೆ.

ದಿನ ಬಿಟ್ಟು ದಿನ ಅವನ ಡಬ್ಬಿಯ ಪಕ್ಕ ಐದು ನಿಮಿಷ ಕೂತು, ಕೇಳದೆ, ತಿದ್ದದೆ, ನೀವೂ ಒಂದು ಸಾಲು ಜೋಡಿಸಿ. ಯಾವುದೋ ಒಂದು ದಿನ ನಿಮ್ಮ ಸಾಲಿಗೆ ಅವನು ಒಂದು ಮುಚ್ಚಳ ಸೇರಿಸಿ ನಿಮ್ಮ ಮುಖ ನೋಡಿದರೆ, ಅದನ್ನು ತಾರೀಖು ಹಾಕಿ ನೋಟ್‌ಬುಕ್‌ನಲ್ಲಿ ಬರೆದಿಡಿ. ಎರಡನೇ ಸಲ ಹೆತ್ತವರು ಬಂದಾಗ ಆ ಸಾಲನ್ನೇ ಮೊದಲು ಓದಿ.